ನಿಕ್ಷೇಪ

ರೋಮ್ ನಗರದ ಪ್ರಾಕಾರದಾಚೆ, ಆಪ್ಪಿಯಾ ಮೊದಲಾದ ರಾಜಮಾರ್ಗಗಳ ಮಗ್ಗುಲಲ್ಲಿ, ಮೃದುವಾದ ಜ್ವಾಲಾಮುಖಿಶಿಲೆಯನ್ನು ಕೊರೆದು ಆದಿಕ್ರೈಸ್ತರು ರಚಿಸಿಕೊಂಡ ಭೂಗತ ಶ್ಮಶಾನಗಳಲ್ಲಿ, ಗೋಡೆಯ ಗೂಡುಗಳನ್ನು ಮುಚ್ಚಿದ ಅಮೃತಶಿಲೆಯ ಹಲಗೆಗಳ ಮೇಲೆ ಮತ್ತೆ ಮತ್ತೆ ಎದುರಾಗುವ ‘ದೆಪೊಸಿತುಸ್’ ಎಂಬ ಲ್ಯಾಟಿನ್ ಪದವನ್ನು ಓದಿ ಸುಮ್ಮನೆ ಮುಂದೆ ಸಾಗುವುದು ನನ್ನಿಂದಾಗದು. ಮೊದಲು ಹೆಸರು, ಆಮೇಲೆ ಬಾಳಿದ ವರ್ಷ, ತಿಂಗಳು, ದಿನಗಳ ಲೆಕ್ಕ. ಅನಂತರ ಈ ಮಾತು, ಅನೇಕ ವೇಳೆ ಮೂರೇ ಅಕ್ಷರಗಳಿಗೆ ಸಂಕ್ಷೇಪಗೊಂಡು. ಅದರ ಬೆನ್ನಿಗೆ ಸಮಾಧಿಯಾದ ದಿನ. ಇಸವಿಯನ್ನು ಬಹುಮಂದಿ ಬರೆಯಿಸಲೇ ಇಲ್ಲ.

ರೋಮನರ ವಾಡಿಕೆಯ ಸಮಾಧಿಶಾಸನವು ‘ಇಲ್ಲಿ ಇದ್ದಾನೆ’ ಎಂದಷ್ಟೇ ಹೇಳಿ ಮುಗಿಯುತ್ತಿದ್ದಿತು. ದೆಪೊಸಿತುಸ್ ಆದರೋ ವ್ಯವಹಾರಲೋಕದಲ್ಲಿ ಬೆಳೆದ ಪದ. ಅವರ ನ್ಯಾಯಶಾಸ್ತ್ರದಲ್ಲಿ ‘ದೆಪೊಸಿತುಮ್’ ಎಂದರೆ ನಂಬಿ ಒಪ್ಪಿಸಿದ ಒಡವೆ. ಇರಿಸಿಕೊಂಡವನು ಅದನ್ನು ಬಳಸಕೂಡದು, ಒಡೆಯನು ಕೇಳಿದೊಡನೆ ಹಿಂದಿರುಗಿಸತಕ್ಕದ್ದು. ಮನುವು 18 ವ್ಯವಹಾರಪದಗಳಲ್ಲಿ ಎರಡನೆಯದಾಗಿ ಎಣಿಸಿದ ‘ನಿಕ್ಷೇಪ’ವೂ ಇದುವೇ. ದೇಹದ ಪುನರುತ್ಥಾನದಲ್ಲಿ ವಿಶ್ವಾಸವಿರಿಸಿದ್ದ ಜನ ತಮ್ಮವರನ್ನು ಮಣ್ಣಿಗೆ ಕೊಡುವಾಗ ಈ ಪದವನ್ನೇ ಆರಿಸಿಕೊಂಡದ್ದರಿಂದ, ಭೂಮಿಗೆ ಕಾವಲಿನ ಹೊಣೆ ಬಂದಿತೇ ಹೊರತು ಒಡೆತನ ಬರಲಿಲ್ಲ.

ಉಳಿಹಿಡಿದ ಕಲ್ಕುಟಿಗನ ಮನಸ್ಸಿನಲ್ಲಿ ಇಷ್ಟೆಲ್ಲ ಇದ್ದಿತೇ, ಅಥವಾ ರೂಢಿಯಲ್ಲಿ ಸವೆದ ಮಾತೊಂದನ್ನು ಅವನು ಕೊರೆಯುತ್ತಿದ್ದನೇ ಎಂದು ಕೇಳಬಹುದು. ಆದರೆ ಅದೇ ಸುರಂಗಗಳ ಭಿತ್ತಿಗಳಲ್ಲಿ ಚಿತ್ರಕಾರರು ಸಲಸಲವೂ ಬರೆದವರು ಯಾರು? ಮಹಾಮತ್ಸ್ಯದ ಬಾಯಿಂದ ಹೊರಬೀಳುವ ಯೋನ, ಶವವಸ್ತ್ರದೊಡನೆ ಗವಿಯ ಬಾಗಿಲಲ್ಲಿ ನಿಂತ ಲಾಜರ; ಇಬ್ಬರೂ ಹಿಂದಿರುಗಿ ಬಂದವರು. ಇವರ ನಡುವೆ ಆ ಪದವು ಬರಿಯ ರೂಢಿಯಾಗಿ ಉಳಿದಿರಲಾರದೆಂದು ನಾನು ದೃಢವಾಗಿ ನಂಬುತ್ತೇನೆ. ಅಕ್ಷರ ಕೆತ್ತಿಸುವ ಶಕ್ತಿಯಿಲ್ಲದ ಬಡವರು ಗೂಡಿನ ಬಾಯಿಗೆ ಹೆಂಚನ್ನಿಟ್ಟು, ಅಂಚಿಗೆ ಮೆತ್ತಿದ ಹಸಿ ಗಾರೆಯಲ್ಲಿ ಒಂದು ನಾಣ್ಯವನ್ನೋ, ಚಿಪ್ಪನ್ನೋ, ಒಡೆದ ಗಾಜಿನ ಬಟ್ಟಲಿನ ತಳವನ್ನೋ ಒತ್ತಿ ಹೋದರು. ಒಪ್ಪಿಸಿದ ಗಂಟಿಗೆ ಗುರುತು ಹಾಕುವ ಕ್ರಮವೇ ಅಲ್ಲವೇ ಇದು?

ಕಾಲಕ್ರಮದಲ್ಲಿ ಪದವು ಕಲ್ಲಿನಿಂದ ಹೊತ್ತಗೆಗೂ ನಡೆಯಿತು. 354ನೆಯ ಇಸವಿಯ ರೋಮನ್ ಪಂಚಾಂಗಗ್ರಂಥವೊಂದರಲ್ಲಿ, ರಕ್ತಸಾಕ್ಷಿಗಳ ಸ್ಮರಣೆಯ ದಿನ ಯಾವುದು, ಸ್ಥಳ ಯಾವುದು ಎಂದು ತಿಳಿಸುವ ಪಟ್ಟಿಗೆ ‘ದೆಪೊಸಿತಿಯೊ ಮಾರ್ತಿರುಮ್’ ಎಂಬ ಶೀರ್ಷಿಕೆಯುಂಟು. ರಕ್ತಸಾಕ್ಷಿಗಳನ್ನು ನಿಕ್ಷೇಪಿಸಿದ ದಿನಗಳ ಆ ಪಟ್ಟಿಯ ಮೊತ್ತಮೊದಲ ಪಂಕ್ತಿಯಲ್ಲಿ ಕಾಣುವುದು ಡಿಸೆಂಬರ್ 25, ಬೆತ್ಲೆಹೇಮಿನಲ್ಲಿ ಕ್ರಿಸ್ತನ ಜನನ.