ಮಧುಮೇಹ: ಹೆಸರಿನಿಂದ ಅರಿವಿನತ್ತ

ಮಧುಮೇಹವನ್ನು ಕುರಿತು ಮಾತನಾಡಲು ನಾನು ವೈದ್ಯನಲ್ಲ, ಚರಿತ್ರೆಯ ಒಬ್ಬ ಓದುಗ ಮಾತ್ರ. ಆದರೂ ಈ ವಿಷಯವನ್ನು ಆರಿಸಿಕೊಂಡುದಕ್ಕೆ ಕಾರಣವುಂಟು. ‘ಸೂಜಿಯ ತನಕ ಬಂತೆಂದರೆ ಮುಗಿಯಿತು’ ಎಂಬ ಮಾತು ನಮ್ಮ ಪಟ್ಟಣಗಳ ಮನೆಗಳಲ್ಲಿ ಪದೇ ಪದೇ ನನ್ನ ಕಿವಿಗೆ ಬಿದ್ದಿದೆ. ಅದನ್ನು ನಂಬಿ, ವೈದ್ಯರು ಹೇಳಿದರೂ ಇನ್ಸುಲಿನ್ನನ್ನು ಮುಂದೂಡುವವರಿದ್ದಾರೆ. ಈ ರೋಗದ ಚರಿತ್ರೆಯಾದರೋ ಇದಕ್ಕೆ ತೀರ ವಿರುದ್ಧವಾದುದನ್ನೇ ನುಡಿಯುತ್ತದೆ.

ರೋಗಕ್ಕೆ ಹೆಸರಿಟ್ಟುದು ಬಹಳ ಹಿಂದೆ. ಚರಕ, ಸುಶ್ರುತರ ಸಂಹಿತೆಗಳು ಪ್ರಮೇಹದ 20 ಬಗೆಗಳನ್ನು ಎಣಿಸುತ್ತವೆ; ಮಧುಮೇಹ ಅವುಗಳಲ್ಲೊಂದು. ಮೂತ್ರಕ್ಕೆ ಇರುವೆ ಮುತ್ತುವುದನ್ನು ನಮ್ಮ ಪ್ರಾಚೀನರು ಗಮನಿಸಿದ್ದರು. ಹುಟ್ಟಿನಿಂದ ಬಂದುದು ಬೇರೆ, ಅಪಥ್ಯದಿಂದ ಬಂದುದು ಬೇರೆ. ಮೊದಲನೆಯ ರೋಗಿ ಕೃಶ, ಎರಡನೆಯವನು ಸ್ಥೂಲ ಎಂಬ ವಿಂಗಡಣೆಯೂ ಸುಶ್ರುತ ಸಂಹಿತೆಯಲ್ಲಿದೆ. ಏಷ್ಯಾ ಮೈನರಿನ ಗ್ರೀಕ್ ವೈದ್ಯ ಅರೆಟೀಯಸ್, ಮೈಯ ಮಾಂಸವೇ ಕರಗಿ ಮೂತ್ರವಾಗಿ ಹರಿದುಹೋಗುವ ರೋಗವಿದೆಂದು ವರ್ಣಿಸಿದ. ಲಕ್ಷಣವನ್ನು ಇಷ್ಟು ಸೂಕ್ಷ್ಮವಾಗಿ ಕಂಡವರಿಗೂ ಕಾರಣ ಮಾತ್ರ ಮರೆಯಾಗಿಯೇ ಉಳಿಯಿತು.

1776ರಲ್ಲಿ ಇಂಗ್ಲೆಂಡಿನ ಮ್ಯಾಥ್ಯೂ ಡಾಬ್ಸನ್, ಸಿಹಿ ಇರುವುದು ಮೂತ್ರದಲ್ಲಿ ಮಾತ್ರವಲ್ಲ, ರಕ್ತದಲ್ಲಿಯೂ ಎಂದು ತೋರಿಸಿದ. 1869ರಲ್ಲಿ, ಇನ್ನೂ ವಿದ್ಯಾರ್ಥಿಯಾಗಿದ್ದ ಪಾಲ್ ಲಾಂಗರ್‌ಹಾನ್ಸ್ ಮೇದೋಜೀರಕ ಗ್ರಂಥಿಯಲ್ಲಿ ದ್ವೀಪಗಳಂತೆ ಚದುರಿದ ಕೋಶಸಮೂಹಗಳನ್ನು ಕಂಡ. ಅವುಗಳ ಕೆಲಸವೇನೆಂಬುದು ಅವನಿಗೂ ತಿಳಿಯಲಿಲ್ಲ. 1889ರಲ್ಲಿ ಸ್ಟ್ರಾಸ್‌ಬರ್ಗಿನಲ್ಲಿ ಮಿಂಕೋವ್‌ಸ್ಕಿ ಮತ್ತು ಫಾನ್ ಮೆರಿಂಗ್ ನಾಯಿಯೊಂದರ ಆ ಗ್ರಂಥಿಯನ್ನೇ ತೆಗೆದರು. ನಾಯಿಗೆ ಮಧುಮೇಹ ತಗುಲಿತು. ರೋಗದ ಮನೆ ಎಲ್ಲಿದೆಯೆಂಬುದು ಗೊತ್ತಾಯಿತು.

ಗ್ರಂಥಿಯಿಂದ ಒಸರುವ ರಸವೊಂದು ರಕ್ತದ ಸಕ್ಕರೆಯನ್ನು ಜೀವಕೋಶಗಳ ಒಳಕ್ಕೆ ಬಿಡುತ್ತದೆ. ಅದಿಲ್ಲವಾದರೆ, ಕಣಜ ತುಂಬಿದ್ದರೂ ಬೀಗದ ಕೈ ಕಳೆದ ಮನೆಯವರು ಉಪವಾಸ ಬಿದ್ದಂತೆ, ಸಕ್ಕರೆಯ ನಡುವೆಯೇ ದೇಹ ಹಸಿಯುತ್ತದೆ. ಇದು ತಿಳಿದರೂ ಆ ರಸ ಕೈಗೆ ಸಿಗಲು ಮೂವತ್ತಕ್ಕೂ ಹೆಚ್ಚು ವರ್ಷ ಕಾಯಬೇಕಾಯಿತು. ಆ ನಡುವೆ ವೈದ್ಯರ ಕೈಯಲ್ಲಿದ್ದ ಉಪಾಯ ಒಂದೇ: ಉಪವಾಸ. ಅಮೆರಿಕದ ಫ್ರೆಡರಿಕ್ ಅಲೆನ್ನನ ಪದ್ಧತಿಯಲ್ಲಿ ಮಕ್ಕಳು ಎಲುಬಿನ ಗೂಡಾಗಿ, ಕೆಲವು ತಿಂಗಳುಗಳನ್ನೋ ಒಂದೆರಡು ವರ್ಷಗಳನ್ನೋ ಹೆಚ್ಚಾಗಿ ಬದುಕುತ್ತಿದ್ದರು.

1921ರ ಬೇಸಗೆಯಲ್ಲಿ ಕೆನಡಾದ ಟೊರಾಂಟೊ ವಿಶ್ವವಿದ್ಯಾನಿಲಯದಲ್ಲಿ ತರುಣ ಶಸ್ತ್ರವೈದ್ಯ ಬ್ಯಾಂಟಿಂಗ್, ವಿದ್ಯಾರ್ಥಿ ಬೆಸ್ಟ್ ಇಬ್ಬರೂ ಪ್ರೊಫೆಸರ್ ಮ್ಯಾಕ್ಲೌಡರ ಪ್ರಯೋಗಶಾಲೆಯಲ್ಲಿ ಆ ರಸವನ್ನು ಹುಡುಕತೊಡಗಿದರು. 1922ರ ಜನವರಿ 11ರಂದು ಹದಿನಾಲ್ಕರ ಹುಡುಗ ಲಿಯೊನಾರ್ಡ್ ಥಾಮ್ಸನ್‌ಗೆ ಮೊದಲ ಸೂಜಿ ಬಿತ್ತು. ಅವನ ತೂಕ ಆಗ 65 ಪೌಂಡು. ರಸ ಶುದ್ಧವಾಗಿರದೆ ಫಲ ದೊರೆಯಲಿಲ್ಲ. ರಸಾಯನಜ್ಞ ಕಾಲಿಪ್ ಶುದ್ಧಿಗೊಳಿಸಿದುದನ್ನು 23ರಂದು ಕೊಟ್ಟಾಗ ಹುಡುಗ ಚೇತರಿಸಿಕೊಂಡ. ಮುಂದೆ 13 ವರ್ಷ ಬದುಕಿದ. ಅದೇ ವರ್ಷದ ಆಗಸ್ಟಿನಲ್ಲಿ 45 ಪೌಂಡಿನ ಎಲಿಜಬೆತ್ ಹ್ಯೂಸ್ ಎಂಬ ಬಾಲಿಕೆ ಟೊರಾಂಟೊಗೆ ಬಂದಳು. ಆಕೆ ತೀರಿಕೊಂಡುದು 1981ರಲ್ಲಿ! ಔಷಧಿಯ ಹಕ್ಕನ್ನು ಬ್ಯಾಂಟಿಂಗ್, ಬೆಸ್ಟ್, ಕಾಲಿಪ್ ತಲಾ ಒಂದು ಡಾಲರಿಗೆ ವಿಶ್ವವಿದ್ಯಾನಿಲಯಕ್ಕೆ ಬಿಟ್ಟುಕೊಟ್ಟರೆಂಬುದನ್ನೂ ಇಲ್ಲಿ ನೆನೆಯಬೇಕು.

ಸಾಹಿತ್ಯಪ್ರಿಯರಿಗೆ ಪರಿಚಿತನಾದ ಎಚ್. ಜಿ. ವೆಲ್ಸ್ ಕೂಡ ಮಧುಮೇಹಿ. 1923ರಲ್ಲಿ ಸಾವಿನಂಚಿನಿಂದ ಇನ್ಸುಲಿನ್ನಿನ ಬಲದಿಂದ ಮರಳಿದ ವೈದ್ಯ ಆರ್. ಡಿ. ಲಾರೆನ್ಸ್ ಮತ್ತು ವೆಲ್ಸ್ ಸೇರಿ 1934ರಲ್ಲಿ ಇಂಗ್ಲೆಂಡಿನಲ್ಲಿ ಮಧುಮೇಹಿಗಳ ಸಂಘವನ್ನು ಸ್ಥಾಪಿಸಿದರು. ಇನ್ಸುಲಿನ್ ತೆಗೆದುಕೊಳ್ಳುತ್ತಲೇ ಲಾರೆನ್ಸ್ 1968ರವರೆಗೆ ಬಾಳಿದ.

ಆದರೆ ಆಯುಷ್ಯ ಬೆಳೆದಂತೆ ರೋಗದ ಇನ್ನೊಂದು ಮುಖ ಹೊರಬಿತ್ತು. ಹಿಂದೆ ಕೆಲವೇ ತಿಂಗಳಲ್ಲಿ ಸಾಯುತ್ತಿದ್ದ ಎಳೆಯರು ಈಗ ಹದಿನೈದು, ಇಪ್ಪತ್ತು ವರ್ಷ ಬದುಕಿ, ದೃಷ್ಟಿ ಮಂದವಾಗುವುದನ್ನೂ ಮೂತ್ರಪಿಂಡ ಸೋಲುವುದನ್ನೂ ಪಾದ ಸ್ಪರ್ಶಜ್ಞಾನ ಕಳೆದುಕೊಳ್ಳುವುದನ್ನೂ ಕಂಡರು. ಹೆಚ್ಚಿದ ಸಕ್ಕರೆ ಸಣ್ಣ ರಕ್ತನಾಳಗಳನ್ನು ಸದ್ದಿಲ್ಲದೆ ಕೆಡಿಸುತ್ತ ಹೋಗುತ್ತದೆ. ನೋವಿಲ್ಲವೆಂಬುದು ಕ್ಷೇಮದ ಗುರುತಲ್ಲ. ಸಕ್ಕರೆಯನ್ನು ಹತೋಟಿಯಲ್ಲಿಟ್ಟರೆ ಈ ಹಾನಿ ತಗ್ಗುವುದೆಂಬುದನ್ನು ಅಮೆರಿಕ, ಕೆನಡಾಗಳಲ್ಲಿ 1,441 ರೋಗಿಗಳ ಮೇಲೆ ನಡೆದ ಅಧ್ಯಯನ 1993ರಲ್ಲಿ ನಿಸ್ಸಂದೇಹವಾಗಿ ತೋರಿಸಿತು. ವಯಸ್ಕರಲ್ಲಿ ಹೆಚ್ಚಾಗಿ ಕಾಣುವ ಎರಡನೆಯ ಬಗೆಯ ಮಧುಮೇಹದಲ್ಲಿಯೂ ಇದು ನಿಜವೆಂದು 1998ರಲ್ಲಿ ಬ್ರಿಟನ್ನಿನ ಅಧ್ಯಯನವೊಂದು ಸಾರಿತು.

ಈ ಎರಡನೆಯ ಬಗೆಯಲ್ಲಿ ಗ್ರಂಥಿಯ ಶಕ್ತಿ ವರ್ಷಗಳುರುಳಿದಂತೆ ಕುಂದುತ್ತದೆ. ಮಾತ್ರೆ ಸಾಲದೆ ಸೂಜಿ ಬೇಕಾಗುವುದು ಆ ಕುಂದುವಿಕೆಯಿಂದ. ಅದು ರೋಗಿಯ ಅಪರಾಧವೂ ಅಲ್ಲ, ಸಾವಿನ ಸೂಚನೆಯೂ ಅಲ್ಲ. ಇನ್ಸುಲಿನ್ ಮಧುಮೇಹವನ್ನು ಗುಣಪಡಿಸಲಿಲ್ಲ. ರೋಗದೊಡನೆ ಬಾಳುವ ಕಾಲವನ್ನು ಕೊಟ್ಟಿತು. ಸಾವಿರಾರು ವರ್ಷ ಯಾವ ವೈದ್ಯನ ಕೈಯಲ್ಲಿಯೂ ಇಲ್ಲದಿದ್ದುದು ಇಂದು ಪಟ್ಟಣದ ಔಷಧಿ ಅಂಗಡಿಯ ಶೀತಪೆಟ್ಟಿಗೆಯಲ್ಲಿದೆ. ಅದನ್ನು ಭಯದಿಂದ ದೂರವಿಡುವ ಹಿರಿಯರು ನಿಮ್ಮ ಮನೆಯಲ್ಲಿದ್ದರೆ, ಆ ಹದಿನಾಲ್ಕರ ಹುಡುಗನ ಕತೆಯನ್ನು ಅವರಿಗೊಮ್ಮೆ ಹೇಳಿರೆಂದು ಕೇಳಿಕೊಳ್ಳುತ್ತೇನೆ.