ಹಳೆಯ ಟರ್ಬೊ, ಹೊಸ ಗಣಕ ಮತ್ತು ಎರಡು ಅಂಕಗಳ ಋಣ



ಕಳೆದ ದೀಪಾವಳಿಗೆ ಮನೆಗೆ ಬಂದಿದ್ದ ನನ್ನ ತಮ್ಮನ ಮಗಳು ಊಟವಾದ ಮೇಲೆ ಜಗಲಿಯಲ್ಲಿ ಕುಳಿತು ಲ್ಯಾಪ್‌ಟಾಪ್ ತೆರೆದಳು. ಕಾಲೇಜಿನ ಪ್ರಯೋಗಾಲಯದ ರೆಕಾರ್ಡ್ ಪುಸ್ತಕಕ್ಕಾಗಿ ಅವಳು ಕೆಲವು ಪ್ರೋಗ್ರಾಂಗಳನ್ನು ಬರೆಯಬೇಕಿತ್ತಂತೆ. ಹೊಚ್ಚ ಹೊಸ ಯಂತ್ರದ ಪರದೆಯ ನಡುವೆ ಪುಟ್ಟದೊಂದು ಚೌಕ ತೆರೆದುಕೊಂಡಿತು. ಅದರಲ್ಲಿ ನೀಲಿ ಹಿನ್ನೆಲೆ, ಹಳದಿ ಅಕ್ಷರ, ಮೇಲ್ಭಾಗದಲ್ಲಿ ಬೂದುಬಣ್ಣದ ಪಟ್ಟಿ.

“ಇದು ಟರ್ಬೊ ಅಲ್ಲವೇನಮ್ಮ?” ಎಂದೆ.

“ಹೌದು ದೊಡ್ಡಪ್ಪ, ನಿಮಗೆ ಹೇಗೆ ಗೊತ್ತು?” ಎಂದು ಅವಳು ಬೆರಗಾದಳು.

ನಮ್ಮ ಶಾಲೆಯ ಗಣಕ ಕೊಠಡಿಗೆ ಸಂಜೆಯ ತರಗತಿಗಾಗಿ ಬರುತ್ತಿದ್ದ ನಿಮಗೆಲ್ಲ ಆ ನೀಲಿ ಪರದೆ ನೆನಪಿರಲೇಬೇಕು. ಗಣಿತದ ಮೇಷ್ಟ್ರಾದ ನನ್ನ ಕೊರಳಿಗೆ ಆ ಕೊಠಡಿಯ ಉಸ್ತುವಾರಿಯೂ ಬಿದ್ದ ಕಾಲವದು. ಆ ತಂತ್ರಾಂಶದ ಕಥೆಯನ್ನೂ, ಅದರ ಜೊತೆಗೆ ಬಹುದಿನಗಳಿಂದ ನನ್ನ ಮನಸ್ಸಿನಲ್ಲಿರುವ ಒಂದು ತಪ್ಪೊಪ್ಪಿಗೆಯನ್ನೂ ಇಂದು ಬರೆಯುತ್ತಿದ್ದೇನೆ.

1983ರಲ್ಲಿ ಅಮೆರಿಕದ ಕ್ಯಾಲಿಫೋರ್ನಿಯಾದ ಬೋರ್ಲ್ಯಾಂಡ್ ಎಂಬ ಸಂಸ್ಥೆಯು ಟರ್ಬೊ ಪ್ಯಾಸ್ಕಲ್ ಎಂಬ ತಂತ್ರಾಂಶವನ್ನು ಹೊರತಂದಿತು. ಅದರ ಮೂಲ ಕರ್ತೃ ಡೆನ್ಮಾರ್ಕಿನ ಆಂಡರ್ಸ್ ಹೆಜ್ಲ್‌ಸ್‌ಬರ್ಗ್. ಇಂಥ ತಂತ್ರಾಂಶಗಳಿಗೆ ನೂರಾರು ಡಾಲರ್ ತೆರಬೇಕಾಗಿದ್ದ ಆ ದಿನಗಳಲ್ಲಿ ಇದರ ಬೆಲೆ 49.95 ಡಾಲರ್ ಮಾತ್ರ. ಬರೆಯುವುದು, ಯಂತ್ರಭಾಷೆಗೆ ಪರಿವರ್ತಿಸುವುದು, ನಡೆಸಿ ನೋಡುವುದು, ಎಲ್ಲವೂ ಒಂದೇ ಪರದೆಯಲ್ಲಿ ಸಾಧ್ಯವಾದದ್ದು ಅದರ ಹಿರಿಮೆ. ಅದೇ ದಾರಿಯಲ್ಲಿ 1987ರಲ್ಲಿ ಟರ್ಬೊ ಸಿ, 1990ರಲ್ಲಿ ಟರ್ಬೊ ಸಿ ಪ್ಲಸ್ ಪ್ಲಸ್ ಬಂದವು. ಕೆಲವೇ ಫ್ಲಾಪಿಗಳಲ್ಲಿ ಹಿಡಿಯುವ, ಬಡ ಯಂತ್ರದ ಮೇಲೂ ಚುರುಕಾಗಿ ಓಡುವ ಈ ತಂತ್ರಾಂಶವು ನಮ್ಮ ದೇಶದ ಶಾಲಾ ಕಾಲೇಜುಗಳಲ್ಲಿ ಬೇರೂರಿದ್ದರಲ್ಲಿ ಆಶ್ಚರ್ಯವೇನೂ ಇಲ್ಲ.

ಆದರೆ ಅದು ಹುಟ್ಟಿದ್ದು ಡಾಸ್ ಎಂಬ ಕಾರ್ಯಾಚರಣ ವ್ಯವಸ್ಥೆಗಾಗಿ. ಕಾಲ ಮುಂದೆ ಸರಿದಂತೆ ಒಂದೊಂದೇ ತೊಡಕು ಎದುರಾಯಿತು. ಮೊದಲನೆಯ ತೊಡಕಂತೂ ವಿನೋದದ್ದು: ಯಂತ್ರಗಳು ಅತಿ ವೇಗವಾದದ್ದೇ ತಪ್ಪಾಯಿತು! ಟರ್ಬೊ ಪ್ಯಾಸ್ಕಲ್‌ನ ಒಂದು ಭಾಗವು ಗಡಿಯಾರದ ಒಂದು ಮಿಡಿತದಲ್ಲಿ, ಅಂದರೆ ಸುಮಾರು 55 ಮಿಲಿಸೆಕೆಂಡುಗಳಲ್ಲಿ, ಯಂತ್ರವು ಎಷ್ಟು ಸುತ್ತು ಎಣಿಸಬಲ್ಲದೆಂದು ಅಳೆದು, ಆ ಸಂಖ್ಯೆಯನ್ನು 55ರಿಂದ ಭಾಗಿಸುತ್ತಿತ್ತು. ಸುಮಾರು 200 ಮೆಗಾಹರ್ಟ್ಸ್ ವೇಗದ ಹೊಸ ಪೆಂಟಿಯಂ ಯಂತ್ರಗಳಲ್ಲಿ ಭಾಗಲಬ್ಧವು ಅದಕ್ಕೆಂದು ಇಟ್ಟಿದ್ದ ಸ್ಥಳವನ್ನು ಮೀರಿತು. ‘ರನ್‌ಟೈಮ್ ಎರರ್ 200’ ಎಂದು ಕೂಗಿ ಪ್ರೋಗ್ರಾಂ ನಿಂತುಬಿಡುತ್ತಿತ್ತು. ಬಳಕೆದಾರರೇ ತೇಪೆ ಹಾಕುವ ಚಿಕ್ಕ ತಂತ್ರಾಂಶಗಳನ್ನು ಬರೆದು ಹಂಚಿಕೊಂಡರು.

ಎರಡನೆಯ ತೊಡಕು 2007ರಲ್ಲಿ ಬಂದ ವಿಂಡೋಸ್ ವಿಸ್ಟಾದ್ದು. ಹಳೆಯ ಡಾಸ್ ತಂತ್ರಾಂಶವು ಪೂರ್ಣ ಪರದೆ ಬೇಡಿದರೆ ಅದು ಕೊಡಲೊಪ್ಪದು. ಮೂರನೆಯದು ಎಲ್ಲಕ್ಕಿಂತ ಕಠಿಣ. 16 ಬಿಟ್‌ನ ಡಾಸ್ ತಂತ್ರಾಂಶವನ್ನು ಓಡಿಸಲು ಇಂಟೆಲ್‌ನ 386ರಿಂದ ಮೊದಲುಗೊಂಡು ಸಂಸ್ಕಾರಕಗಳಲ್ಲಿ ವಿಶೇಷ ಏರ್ಪಾಡೊಂದಿತ್ತು. ಸಂಸ್ಕಾರಕವು 64 ಬಿಟ್ ವಿಧಾನದಲ್ಲಿ ನಡೆಯುವಾಗ ಆ ಏರ್ಪಾಡು ದೊರೆಯುವುದಿಲ್ಲ. ಆದ್ದರಿಂದ 64 ಬಿಟ್ ವಿಂಡೋಸ್‌ನಲ್ಲಿ ಟರ್ಬೊಗೆ ನೇರ ಪ್ರವೇಶವೇ ಇಲ್ಲ. 2021ರಲ್ಲಿ ಬಂದ ವಿಂಡೋಸ್ 11 ಕೇವಲ 64 ಬಿಟ್ ರೂಪದಲ್ಲಿ ಹೊರಬಂದು ಉಳಿದಿದ್ದ ಬಾಗಿಲನ್ನೂ ಮುಚ್ಚಿತು. ಬೋರ್ಲ್ಯಾಂಡ್ ಸಂಸ್ಥೆಯೋ 2008ರಲ್ಲೇ ತನ್ನ ಪ್ರೋಗ್ರಾಮಿಂಗ್ ಉಪಕರಣಗಳ ವಿಭಾಗವನ್ನು ಮಾರಿಬಿಟ್ಟಿತ್ತು. ಅನಾಥವಾದ ಈ ತಂತ್ರಾಂಶವನ್ನು ಕಾಪಾಡಿದವರು ಯಾರು?

ಕಾಪಾಡಿದ್ದು ಆಟದ ಹುಚ್ಚಿನವರು! ಹಳೆಯ ಡಾಸ್ ಆಟಗಳನ್ನು ಹೊಸ ಯಂತ್ರಗಳಲ್ಲಿ ಆಡಬೇಕೆಂಬ ಹಂಬಲದಿಂದ ನೆದರ್‌ಲೆಂಡ್ಸ್‌ನ ಇಬ್ಬರು ಆರಂಭಿಸಿದ ಡಾಸ್‌ಬಾಕ್ಸ್ ಎಂಬ ಉಚಿತ ತಂತ್ರಾಂಶವು 2002ರಲ್ಲಿ ಹೊರಬಂದಿತು. ಅದು ಹೊಸ ಗಣಕದ ಒಳಗೆ ಒಂದು ಹಳೆಯ ಗಣಕವನ್ನೇ ತಂತ್ರಾಂಶದ ರೂಪದಲ್ಲಿ ಕಟ್ಟಿ ನಿಲ್ಲಿಸುತ್ತದೆ. ಸಂಸ್ಕಾರಕವೂ ಅನುಕರಣೆಯೇ, ವೇಗವೂ ನಾವು ಹೇಳಿದಷ್ಟೇ. ಟರ್ಬೊ ತಾನಿನ್ನೂ 1990ರ ದಶಕದಲ್ಲೇ ಇದ್ದೇನೆಂದು ನಂಬಿ ಕೆಲಸ ಮಾಡುತ್ತದೆ. ತಮ್ಮನ ಮಗಳ ಲ್ಯಾಪ್‌ಟಾಪಿನಲ್ಲಿ ಕಂಡ ಪುಟ್ಟ ಚೌಕ ಇದೇ.

ಇಲ್ಲಿ ಗಣಿತದ ಮೇಷ್ಟ್ರಾಗಿ ಒಂದು ಮಾತು. 1ರಿಂದ 8ರವರೆಗಿನ ಸಂಖ್ಯೆಗಳ ಗುಣಲಬ್ಧವೆಷ್ಟು? 40,320. ಟರ್ಬೊದಲ್ಲಿ ಸಾಧಾರಣ ಪೂರ್ಣಾಂಕಕ್ಕೆ 16 ಬಿಟ್ ಮಾತ್ರ ಜಾಗ. 32,767ರ ಆಚೆಗೆ ಅದು ಎಣಿಸಲಾರದು. ಆದ್ದರಿಂದ ಅದು ಕೊಡುವ ಉತ್ತರ ಋಣ 25,216. ಆ ಹುಡುಗಿಗೆ ಅದನ್ನೇ ಬರೆಯಲು ಹೇಳಿದೆ. ಹೊಸ ಯಂತ್ರದ ಮೇಲೂ ಹಳೆಯ ತಪ್ಪು ಉತ್ತರವೇ ಅಚ್ಚುಕಟ್ಟಾಗಿ ಮೂಡಿತು! ಅನುಕರಣೆಯ ಪ್ರಾಮಾಣಿಕತೆ ಎಂದರೆ ಇದೇ: ಗುಣದ ಜೊತೆಗೆ ದೋಷವನ್ನೂ ಅದು ಜತನದಿಂದ ಕಾಪಾಡುತ್ತದೆ. ತಂತ್ರಾಂಶದಲ್ಲಿ ಇದು ಗುಣವೇ. ಆದರೆ ಮೇಷ್ಟ್ರು ಹಾಗೆ ಮಾಡಿದರೆ?

ಈಗ ತಪ್ಪೊಪ್ಪಿಗೆ. 2005ರ ಒಂದು ಕಿರುಪರೀಕ್ಷೆಯಲ್ಲಿ ಒಬ್ಬ ಹುಡುಗ ಸಿ ಪ್ಲಸ್ ಪ್ಲಸ್ ಪ್ರೋಗ್ರಾಂ ಬರೆಯುವಾಗ ಮೊದಲ ಸಾಲಿನ ‘ಐಓಸ್ಟ್ರೀಮ್’ ಎಂಬುದರ ಕೊನೆಗೆ ‘ಡಾಟ್ ಎಚ್’ ಹಾಕಿರಲಿಲ್ಲ. ಅದರ ಕೆಳಗೆ ನಾನು ಕಲಿಸದ ಒಂದು ಸಾಲನ್ನೂ ಬರೆದಿದ್ದ. ನಾನು ಎರಡು ಅಂಕ ಕಡಿಮೆ ಮಾಡಿದೆ.

“ಸಾರ್, ನಮ್ಮಣ್ಣನ ಕಂಪ್ಯೂಟರಿನಲ್ಲಿ ಇದು ಓಡುತ್ತದೆ” ಎಂದ.

ಎಲ್ಲರೆದುರಿಗೇ ಅದನ್ನು ಟರ್ಬೊದಲ್ಲಿ ಹಾಕಿ ತೋರಿಸಿದೆ. ದೋಷದ ಸಾಲುಗಳು ಮೂಡಿದವು. “ಇಲ್ಲಿ ಓಡದಿದ್ದರೆ ಅದು ತಪ್ಪೇ ಕಣಯ್ಯ” ಎಂದೆ. ತರಗತಿ ನಕ್ಕಿತು. ಅವನು ತಲೆ ತಗ್ಗಿಸಿ ಕುಳಿತ.

ಹಲವು ವರ್ಷಗಳ ನಂತರ ಶಾಲೆಗೆ 64 ಬಿಟ್ ಯಂತ್ರಗಳು ಬಂದು, ಟರ್ಬೊ ಏಳದೇ ಹೋದಾಗ, ಅದಕ್ಕೆ ಮದ್ದು ಹುಡುಕುತ್ತ ಒಂದು ಸಂಗತಿಯನ್ನು ಓದಿದೆ. ಸಿ ಪ್ಲಸ್ ಪ್ಲಸ್ ಭಾಷೆಗೆ 1998ರಲ್ಲೇ ಅಂತಾರಾಷ್ಟ್ರೀಯ ಮಾನಕ ಸಿದ್ಧವಾಗಿತ್ತು. ಆ ಮಾನಕದಂತೆ ಹುಡುಗ ಬರೆದದ್ದೇ ಸರಿ. ನಮ್ಮ ಟರ್ಬೊ ಮಾನಕಕ್ಕಿಂತ ಹಿರಿಯದಾದ್ದರಿಂದ ಅದಕ್ಕೆ ಗೊತ್ತಿರಲಿಲ್ಲ. ಗೊತ್ತಿರಬೇಕಾಗಿದ್ದ ನನಗೂ ಗೊತ್ತಿರಲಿಲ್ಲ. ಮಾನಕವನ್ನು ಅನುಸರಿಸುವ ಉಚಿತ ತಂತ್ರಾಂಶಗಳು ಆಗಲೇ ದೊರೆಯುತ್ತಿದ್ದವು. ಹುಡುಕುವ ಶ್ರಮವನ್ನು ನಾನು ತೆಗೆದುಕೊಂಡಿರಲಿಲ್ಲ, ಅಷ್ಟೇ.

ಹಾಗೆಂದು ಹಳೆಯದನ್ನು ಎಸೆಯಿರಿ ಎಂದು ನಾನು ಹೇಳುತ್ತಿಲ್ಲ. ಹಳೆಯ ತಂತ್ರಾಂಶವನ್ನು ಹೊಸ ಯಂತ್ರದಲ್ಲಿ ಜೀವಂತವಾಗಿಡುವವರು ಓಲೆಗರಿಗೆ ಎಣ್ಣೆ ಹಚ್ಚಿ ಕಾಪಾಡುವವರಷ್ಟೇ ಪೂಜ್ಯರು. ಓಲೆಗರಿ ಇರಬೇಕು, ಅದನ್ನು ಓದಬಲ್ಲವರೂ ಇರಬೇಕು. ಆದರೆ ಮಕ್ಕಳಿಗೆ ಅಕ್ಷರಾಭ್ಯಾಸವನ್ನು ಇಂದು ಬಳಕೆಯಲ್ಲಿರುವ ಲಿಪಿಯಲ್ಲೇ ಮಾಡಿಸಬೇಕು. ಈ ಎರಡು ಕೆಲಸಗಳನ್ನು ಬೆರೆಸಿದ್ದು ನನ್ನ ತಪ್ಪು.

ಆ ಹುಡುಗ ಈಗೆಲ್ಲಿದ್ದಾನೋ, ಇದನ್ನು ಓದುತ್ತಾನೋ ನಾನರಿಯೆ. ಓದಿದರೆ ಇಷ್ಟು ತಿಳಿಯಲಿ: ಅಪ್ಪಾ, ನಿನ್ನ ಉತ್ತರ ಸರಿಯಿತ್ತು. ಆ ಎರಡು ಅಂಕಗಳನ್ನು ಇಂದು ಹಿಂದಿರುಗಿಸುತ್ತಿದ್ದೇನೆ. ಅಂದಿನ ನಗುವಿಗೆ ಕ್ಷಮೆ ಕೋರುತ್ತಿದ್ದೇನೆ.

ಇಂತು ನಿಮ್ಮ,
ಗಣಿತದ ಮೇಷ್ಟ್ರು