ಸೊಳ್ಳೆ ಕಚ್ಚದ ಕೂಸಿಗೆ ಚಳಿಜ್ವರ

ಮಲೇರಿಯಾ ತೊಲಗಿತು ಎಂದು ಅಮೆರಿಕ ನಂಬಿದ್ದರಲ್ಲಿ ತಪ್ಪಿಲ್ಲ. ಅಟ್ಲಾಂಟಾದ ಸಿಡಿಸಿ ಎಂಬ ರೋಗ ನಿಯಂತ್ರಣ ಸಂಸ್ಥೆ 1946ರಲ್ಲಿ ಹುಟ್ಟಿದ್ದೇ ಮಲೇರಿಯಾ ಓಡಿಸುವ ಕೆಲಸದ ಬೆನ್ನಿಗೆ. ಮರುವರ್ಷ ಆಗ್ನೇಯದ 13 ರಾಜ್ಯಗಳಲ್ಲಿ ಡಿಡಿಟಿ ಹೊಡೆಯತೊಡಗಿದರು. 1949 ಮುಗಿಯುವಷ್ಟರಲ್ಲಿ ಮನೆಗಳ ಗೋಡೆಗಳಿಗೆ 46 ಲಕ್ಷಕ್ಕೂ ಹೆಚ್ಚು ಸಲ ಮದ್ದು ಬಿದ್ದಿತ್ತು. 1951ರಲ್ಲಿ ರೋಗ ನಿರ್ಮೂಲವಾಯಿತೆಂದು ಲೆಕ್ಕ ಹಾಕಿದರು. ಆಮೇಲಿನ ತಲೆಮಾರಿನ ವೈದ್ಯರಿಗೆ ಮಲೇರಿಯಾ ಓದಿ ತಿಳಿದ ಕಾಯಿಲೆಯಾಯಿತು.

ಆದರೆ 1966ರಿಂದ 2005ರವರೆಗೆ ಅದೇ ದೇಶದಲ್ಲಿ 81 ಹಸುಗೂಸುಗಳಿಗೆ ಮಲೇರಿಯಾ ಬಂದದ್ದು ದಾಖಲಾಗಿದೆ. ಕಚ್ಚಿದ್ದು ಸೊಳ್ಳೆಯಲ್ಲ, ದಾಟಿದ್ದು ತಾಯಿಯ ರಕ್ತದಿಂದ. ತಾಯಂದಿರಲ್ಲಿ ಬಹುಪಾಲು ಹೊರದೇಶಗಳಲ್ಲಿ ಹುಟ್ಟಿ ಅಮೆರಿಕದಲ್ಲಿ ನೆಲೆಸಿದವರು.

ಮಂಗಳೂರಿನ ಲ್ಯಾಬ್ ಒಂದರಲ್ಲಿ ಕುಳಿತು ರಕ್ತದ ಸ್ಲೈಡ್ ನೋಡುತ್ತಲೇ ವಯಸ್ಸು ಕಳೆದವನು ನಾನು. ಇಂಥ ಮಲೇರಿಯಾ ಹಿಡಿಯಲು ಕೂಸಿನ ಹಿಮ್ಮಡಿ ಚುಚ್ಚಿ ಒಂದು ಹನಿ ತೆಗೆದು, ಗೀಮ್ಸಾ ಬಣ್ಣ ಹಾಕಿ, ಎಣ್ಣೆ ಹಚ್ಚಿದ ಲೆನ್ಸಿನಡಿ ಇಟ್ಟರೆ ಸಾಕು. ವೈವಾಕ್ಸ್ ಎಂಬ ಜಾತಿಯ ಮಲೇರಿಯಾ ಪರೋಪಜೀವಿ ಆದರೆ ಕೆಂಪು ಕಣ ಉಬ್ಬಿರುತ್ತದೆ. ಮಲೇರಿಯೇ ಎಂಬ ಇನ್ನೊಂದು ಜಾತಿ ಆದರೆ ಕಣದ ಅಡ್ಡಕ್ಕೆ ಪಟ್ಟಿ ಕಟ್ಟಿದಂತೆ ಪರೋಪಜೀವಿ ಕಾಣುತ್ತದೆ. ಇಷ್ಟು ಸುಲಭದ ಪರೀಕ್ಷೆ ತಡವಾಗುವುದು ಯಾರಿಗೂ ಅದು ಹೊಳೆಯದ ಕಾರಣಕ್ಕೆ. ಹುಟ್ಟಿ ಕೆಲವು ವಾರಕ್ಕೆ ಜ್ವರ, ರಕ್ತಹೀನತೆ, ದಪ್ಪಗಾದ ಗುಲ್ಮ ಕಂಡರೆ ಮೊದಲು ರಕ್ತದ ಸೋಂಕೆಂದೇ ಅನುಮಾನಿಸಿ ಆಂಟಿಬಯೋಟಿಕ್ ಶುರು ಮಾಡುತ್ತಾರೆ.

ತಾಯಿಯನ್ನು ಕೇಳಿದರೂ ಸುಳಿವು ಸಿಗದೇ ಹೋಗಬಹುದು. ವೈವಾಕ್ಸ್ ಯಕೃತ್ತಿನಲ್ಲಿ ತಿಂಗಳುಗಟ್ಟಲೆ ಅಡಗಿದ್ದು ಮತ್ತೆ ಏಳುತ್ತದೆ. ಮಲೇರಿಯೇ ರಕ್ತದಲ್ಲೇ ದಶಕಗಟ್ಟಲೆ ಸದ್ದಿಲ್ಲದೆ ಇರಬಲ್ಲದು. 2000ದಲ್ಲಿ ಅಮೆರಿಕದ ನಾರ್ತ್ ಕೆರೊಲಿನಾದ ಕೂಸೊಂದಕ್ಕೆ ಬಂದದ್ದು ಇದೇ, ತಾಯಿ ಕಾಂಗೋದಿಂದ ಬಂದವರು.

ಸಮಾಧಾನದ ಸಂಗತಿಯೊಂದಿದೆ. ತಾಯಿಯಿಂದ ಬಂದ ವೈವಾಕ್ಸ್ ಕೂಸಿನ ಯಕೃತ್ತಿನಲ್ಲಿ ಮನೆ ಮಾಡುವುದಿಲ್ಲ. ಹಾಗಾಗಿ ಅಡಗಿದ್ದನ್ನು ಕೊಲ್ಲುವ ಪ್ರೈಮಾಕ್ವಿನ್ ಮಗುವಿಗೆ ಬೇಕಿಲ್ಲ, ರಕ್ತದಲ್ಲಿರುವುದನ್ನು ಕೊಲ್ಲುವ ಮದ್ದು ಸಾಕು. ತಾಯಿಗೂ ಚಿಕಿತ್ಸೆ ಆಗಲೇಬೇಕು.

ಹೊರದೇಶದಲ್ಲಿ ಬಸುರಿಯಾಗಿರುವ ನಮ್ಮೂರ ಹೆಣ್ಣುಮಕ್ಕಳಲ್ಲಿ ನನ್ನ ಕೋರಿಕೆ ಇಷ್ಟೆ: ಊರಿನಲ್ಲಿ ಯಾವಾಗಲಾದರೂ ಮಲೇರಿಯಾ ಬಂದಿದ್ದರೆ, ಎಷ್ಟು ವರ್ಷ ಹಿಂದಿನದಾದರೂ, ವೈದ್ಯರಿಗೆ ಹೇಳಿ. ಕೂಸಿಗೆ ಜ್ವರ ಬಂದರೆ ಮಲೇರಿಯಾಗೂ ರಕ್ತ ನೋಡಿ ಎಂದು ನೀವಾಗಿಯೇ ಕೇಳಿ.